ಹಸಿರೆಲ್ಲ ಕಾಡಲ್ಲ: ಕೊಡಗಿಗೆ ಹೊಸದಾಗಿ ಬಂದವರಿಗೆ

ಟ್ರಾನ್ಸ್‌ಫರ್ ಆರ್ಡರ್ ಬಂದಾಗ ಎಲ್ಲರೂ ಹೇಳುವುದು ಒಂದೇ ಮಾತು: "ಕೊಡಗಾ? ಪುಣ್ಯ ಮಾಡಿದ್ದೀರಿ ಬಿಡಿ." ಬಂದು ಎರಡು ವಾರ ಆಗುವಷ್ಟರಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆಗೆಲ್ಲ ಬೂಷ್ಟು, ಪಕ್ಕದ ಮನೆಯವರು ತಮ್ಮೊಳಗೆ ಆಡುವ ಮಾತು ಒಂದೂ ತಲೆಗೆ ಹೋಗುವುದಿಲ್ಲ. ನಾವು ಕರ್ನಾಟಕದಲ್ಲೇ ಇದ್ದೇವೆ ಅಲ್ವಾ ಅಂತ ಅನುಮಾನ ಬರುತ್ತದೆ. ಅದೇನೂ ಪೂರ್ತಿ ತಪ್ಪಲ್ಲ. 1956ರವರೆಗೆ ಕೊಡಗು ಬೇರೆ ರಾಜ್ಯವೇ ಆಗಿತ್ತು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಎಲ್ಲದರ ನಡುವೆ ಕನ್ನಡ ಇಲ್ಲಿ ಎಲ್ಲರಿಗೂ ಬರುವ ಮಾತು, ಆದರೆ ಹಲವರಿಗೆ ಮನೆಯ ಮಾತಲ್ಲ.

ನಾನು ಹಾವೇರಿ ಕಡೆಯವನು. ಮಡಿಕೇರಿಗೆ ಬಂದು ಹದಿನಾರು ವರ್ಷ ಆಯ್ತು. ಹೊಸಬರು ಮನೆ ಬಾಡಿಗೆ, ಗ್ಯಾಸ್, ಶಾಲೆ ಎಲ್ಲ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ ಇದು: "ಸರ್, ಭಾನುವಾರ ಕಾಡಲ್ಲಿ ಸುಮ್ನೆ ನಡೆಯೋಕೆ ಎಲ್ಲಿಗೆ ಹೋಗಬಹುದು?" ಈ ಬರಹ ಅದಕ್ಕೆ ಉತ್ತರ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರುವ ನಡಿಗೆ ಮಾತ್ರ. ಟೆಂಟ್ ಹಾಕುವ ಆಸೆ ಇದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ಅಭಯಾರಣ್ಯದ ಬೆಟ್ಟಗಳ ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ.

ಮೊದಲ ಪಾಠ ನಾನು ಕಲಿತದ್ದು ಬೈಸಿಕೊಂಡು. ಬಂದ ಮೊದಲ ವರ್ಷ, ನವೆಂಬರ್. ಸಿದ್ದಾಪುರ ಕಡೆ ಸ್ನೇಹಿತನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎದುರಿಗೆ ದಟ್ಟ ಹಸಿರು, ದೊಡ್ಡ ದೊಡ್ಡ ಮರ, ನಡುವೆ ಚೆಂದದ ಮಣ್ಣಿನ ದಾರಿ. ಬಯಲುಸೀಮೆಯ ಕಣ್ಣಿಗೆ ಅದು ಕಾಡೇ. ನಡೆಯುತ್ತಾ ಹೋದೆ. ಅರ್ಧ ಗಂಟೆಯಾದ ಮೇಲೆ ಜೀಪೊಂದು ಬಂದು ನಿಂತಿತು. ಅದರಲ್ಲಿದ್ದವರು ತೋಟದ ರೈಟರ್, ಅಂದರೆ ಕೆಲಸದವರ ಲೆಕ್ಕ ನೋಡಿಕೊಳ್ಳುವವರು. "ಯಾರನ್ನು ಕೇಳಿ ಬಂದ್ರಿ? ಒಳಗೆ ಮೂರು ಆನೆ ನಿಂತಿವೆ. ಇವತ್ತು ಕೆಲಸದವರನ್ನೇ ಕಳಿಸಿಲ್ಲ, ನೀವು ವಾಕಿಂಗ್ ಮಾಡ್ತಿದ್ದೀರಾ?" ಅಂದರು. ಹತ್ತಿಸಿಕೊಂಡು ಗೇಟಿನ ಆಚೆ ಬಿಟ್ಟರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅದೇ ದೊಡ್ಡ ಬೈಗುಳ.

ಅವತ್ತಿನಿಂದ ನಾನು ಹಸಿರನ್ನು ಬೇರೆ ಬೇರೆ ಮಾಡಿ ನೋಡಲು ಕಲಿತೆ. ಮರಗಳ ಕೆಳಗೆ ಸೊಂಟದೆತ್ತರದ ಗಿಡ ಸಾಲಾಗಿದ್ದರೆ, ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಅದು ಕಾಫಿ ತೋಟ. ಗೇಟ್ ಇಲ್ಲದಿದ್ದರೂ ಒಬ್ಬರ ಆಸ್ತಿ. ಗದ್ದೆಯ ಮೇಲಿನ ಇಳಿಜಾರಲ್ಲಿ ಮರ, ಹುಲ್ಲು ಬೆರೆತ ಜಾಗ ಕಂಡರೆ ಅದು ಬಾಣೆ ಇರಬಹುದು. ಬಾಣೆ ಅಂದರೆ ಗದ್ದೆಗೆ ಸೇರಿದಂತೆ ಮನೆತನಕ್ಕೆ ಬಂದ ಭೂಮಿ, ಸೌದೆ ಸೊಪ್ಪಿಗೆ ಆಧಾರ. ನೋಡಲು ಖಾಲಿ, ಹಕ್ಕು ಖಾಲಿ ಅಲ್ಲ. ಊರ ಪಕ್ಕದಲ್ಲೇ ಇದ್ದಕ್ಕಿದ್ದಂತೆ ಕತ್ತಲೆಗಟ್ಟಿದ ಸಣ್ಣ ಕಾಡು ಸಿಕ್ಕಿ, ಒಳಗೆ ಮಣ್ಣಿನ ನಾಯಿ ಬೊಂಬೆಗಳೋ ಕಲ್ಲೋ ಕಂಡರೆ ಅದು ದೇವರಕಾಡು. ಇಂಥವು ಈ ಪುಟ್ಟ ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಜಾಸ್ತಿ ಇವೆ. ಅಯ್ಯಪ್ಪ, ಭಗವತಿ ಹೀಗೆ ಒಂದೊಂದಕ್ಕೆ ಒಂದೊಂದು ದೇವರು. ಅಲ್ಲಿಂದ ಒಣ ಕಡ್ಡಿಯನ್ನೂ ತರುವುದಿಲ್ಲ. ನೀವೂ ತರಬೇಡಿ. ಒಳಗೆ ಹೋಗಬೇಕೆನಿಸಿದರೆ ಊರವರೊಬ್ಬರನ್ನು ಕೇಳಿ. ಚಪ್ಪಲಿ ಎಲ್ಲಿ ಬಿಡಬೇಕು ಅನ್ನುವುದನ್ನೂ ಅವರೇ ಹೇಳುತ್ತಾರೆ.

ಇದೆಲ್ಲ ಕಳೆದು ಉಳಿದದ್ದು ಅರಣ್ಯ ಇಲಾಖೆಯ ಕಾಡು. ಅದರಲ್ಲೂ ಎಲ್ಲ ಕಡೆ ಕಾಲಿಡುವ ಹಾಗಿಲ್ಲ. ನಾಗರಹೊಳೆಯಲ್ಲಿ ಸಫಾರಿ ವಾಹನ ಮಾತ್ರ, ನಡಿಗೆ ಇಲ್ಲ. ಅದು ಹುಲಿ ಕಾಡು. ನಾವು ನಡೆಯುವ ಬೆಟ್ಟಗಳು ಪಶ್ಚಿಮದ ಅಂಚಿನಲ್ಲಿವೆ: ಉತ್ತರಕ್ಕೆ ಪುಷ್ಪಗಿರಿ, ನಡುವೆ ತಲಕಾವೇರಿ, ದಕ್ಷಿಣಕ್ಕೆ ಬ್ರಹ್ಮಗಿರಿ ಅಭಯಾರಣ್ಯ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಈ ಮೂರೂ ಅದರಲ್ಲಿವೆ.

ಮೊದಲ ಬೆಟ್ಟ ಯಾವುದು ಅಂದರೆ ನಾನು ತಡಿಯಂಡಮೋಳ್ ಅನ್ನುತ್ತೇನೆ. 1748 ಮೀಟರ್, ಕೊಡಗಿನ ಅತಿ ಎತ್ತರದ ತುದಿ. ಎತ್ತರ ಕೇಳಿ ಹೆದರಬೇಡಿ. ಮಡಿಕೇರಿಯೇ ಸಾವಿರ ಮೀಟರಿಗೂ ಮೇಲಿದೆ. ನಾಪೋಕ್ಲು ದಾಟಿ ಕಕ್ಕಬ್ಬೆಗೆ ಹೋಗಬೇಕು. ಮಳೆಯ ದೇವರೆಂದು ಕೊಡವರು ನಂಬುವ ಇಗ್ಗುತ್ತಪ್ಪನ ದೇವಸ್ಥಾನ ಇರುವ ಊರು. ನಡಿಗೆ ಶುರುವಾಗುವುದು ನಾಲ್ಕುನಾಡು ಅರಮನೆಯ ಹತ್ತಿರ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. ಅರಮನೆ ಅಂದಾಕ್ಷಣ ಮೈಸೂರಿನದನ್ನು ನೆನೆಸಿಕೊಂಡು ಹೋಗಬೇಡಿ. ಮರದ ಕಂಬ, ಮಾಸಿದ ಚಿತ್ರ, ಸಣ್ಣ ಸಣ್ಣ ಕೋಣೆ ಇರುವ ದೊಡ್ಡ ಮನೆ ಅಷ್ಟೆ. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇಲ್ಲಿ ಅಡಗಿದ್ದನಂತೆ. ಸುತ್ತಲಿನ ಬೆಟ್ಟ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಮೊದಲ ಭಾಗ ಜೀಪ್ ದಾರಿ, ಕಾಫಿ, ಏಲಕ್ಕಿ. ಆಮೇಲೆ ಕೊಲ್ಲಿಗಳಲ್ಲಿ, ಅಂದರೆ ಗುಡ್ಡಗಳ ನಡುವಿನ ಕಣಿವೆಗಳಲ್ಲಿ, ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು, ಗುಡ್ಡದ ಬೆನ್ನ ಮೇಲೆ ಹುಲ್ಲು. ಶೋಲಾದೊಳಗೆ ಹೊಕ್ಕಾಗ ಯಾರೋ ಫ್ರಿಜ್ ಬಾಗಿಲು ತೆರೆದ ಹಾಗೆ ತಣ್ಣಗಾಗುತ್ತದೆ. ಅಲ್ಲಿ ಒಂದು ನಿಮಿಷ ಮಾತು ನಿಲ್ಲಿಸಿ. ಬೆಳಿಗ್ಗೆ ಬೇಗ ಹೋಗಿದ್ದರೆ ತೋಡಿನ ಪಕ್ಕ ಯಾರೋ ಹುಡುಗ ಸಿಳ್ಳೆ ಹಾಕುತ್ತಾ ರಾಗ ಮರೆತ ಹಾಗೆ ಕೇಳುತ್ತದೆ. ಅದು ಸಿಳ್ಳಾರ ಹಕ್ಕಿ. ಕೊನೆಯ ಏರು ಮಾತ್ರ ನಿಜಕ್ಕೂ ಕಡಿದು, ಉಸಿರು ಕೀಳುತ್ತದೆ. ಹೋಗಿ ಬರಲು ಐದಾರು ಗಂಟೆ ಇಟ್ಟುಕೊಳ್ಳಿ. ಆಕಾಶ ಶುಭ್ರವಾಗಿದ್ದರೆ ತುದಿಯಿಂದ ಅರಬ್ಬೀ ಸಮುದ್ರ ಕಾಣುತ್ತದೆ ಅನ್ನುತ್ತಾರೆ. ಏಳೆಂಟು ಸಲ ಹತ್ತಿದ್ದೇನೆ, ನನಗೆ ಕಂಡದ್ದು ಮಂಜು ಮಾತ್ರ.

ಆ ಮಂಜನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಮ್ಮೆ ನಾವು ಸೋಮಾರಿತನದಿಂದ ಹನ್ನೊಂದಕ್ಕೆ ಹತ್ತಲು ಶುರುಮಾಡಿದೆವು. ತುದಿಯಲ್ಲಿ ಊಟ ಬಿಚ್ಚುವಾಗ ಬಿಸಿಲು, ಡಬ್ಬಿ ಮುಚ್ಚುವಾಗ ಎದುರಿಗೆ ಕೂತವನ ಮುಖ ಕಾಣುವುದಿಲ್ಲ. ಹುಲ್ಲಿನಲ್ಲಿ ದನದ ದಾರಿಗಳೂ ಇರುತ್ತವೆ. ಅಂಥದ್ದೊಂದನ್ನು ಹಿಡಿದು ಕೊಲ್ಲಿಯ ಅಂಚಿಗೆ ಹೋಗಿ ನಿಂತಿದ್ದೆವು. ಕೆಳಗಿಳಿಯದೆ, ಬಂದ ದಾರಿಯಲ್ಲೇ ಮೇಲೆ ವಾಪಸ್ ಹತ್ತಿ ಮಂಜು ಸರಿಯುವವರೆಗೆ ಕಾದದ್ದು ನಾವು ಮಾಡಿದ ಒಂದೇ ಜಾಣ ಕೆಲಸ. ಏಳಕ್ಕೆ ಬೆಟ್ಟದ ಬುಡದಲ್ಲಿರಿ, ಮೂರಕ್ಕೆ ವಾಪಸ್ ಬುಡದಲ್ಲಿರಿ. ಆರಕ್ಕಿಂತ ಮುಂಚೆ ಹೊರಟು ಕತ್ತಲಲ್ಲಿ ನಡೆಯುವುದೂ ಬೇಡ. ಅದು ಆನೆಗಳು ತೋಟದಿಂದ ಕಾಡಿಗೆ ವಾಪಸಾಗುವ ಹೊತ್ತು.

ಪುಷ್ಪಗಿರಿ ಅಭಯಾರಣ್ಯದ ಕುಮಾರಪರ್ವತ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಸುಬ್ರಹ್ಮಣ್ಯದ ಕಡೆಯ ಏರು ಉದ್ದ, ಮಂಡಿ ಸತ್ತುಹೋಗುತ್ತದೆ. ಕೊಡಗಿನ ಕಡೆಯಿಂದ, ಅಂದರೆ ಸೋಮವಾರಪೇಟೆ, ಶಾಂತಳ್ಳಿ, ಬೀಡಳ್ಳಿ ಮೂಲಕ ಹೋದರೆ ದಾರಿ ಚಿಕ್ಕದು, ಕಾಡು ಜಾಸ್ತಿ. 2024ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಆಮೇಲೆ ಸರ್ಕಾರ ಬಿಗಿ ಮಾಡಿತು. ಆ ವರ್ಷದ ಅಕ್ಟೋಬರಿನಿಂದ ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಕೊಳ್ಳಬೇಕು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಗೇಟಿಗೆ ಹೋಗಿ "ನಾವು ಲೋಕಲ್" ಅಂದರೆ ನಡೆಯುವುದಿಲ್ಲ. ನಾವು ಲೋಕಲ್ ಅಲ್ಲ ಅಂತ ನಮ್ಮ ಕನ್ನಡವೇ ಹೇಳುತ್ತದೆ. ಯಾವ ದಾರಿ ಯಾವಾಗ ತೆರೆದಿದೆ ಅನ್ನುವುದು ಬದಲಾಗುತ್ತಾ ಇರುತ್ತದೆ. ಹಾಗಾಗಿ ಹೊರಡುವ ವಾರವೇ ನೋಡಿ, ಹತ್ತಿರದ ಅರಣ್ಯ ಕಚೇರಿಯಲ್ಲೂ ಕೇಳಿ. ಗುರುತಿನ ಚೀಟಿ ಜೇಬಲ್ಲಿರಲಿ.

ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಬೆಟ್ಟ ಬೇಡ. ದಕ್ಷಿಣಕ್ಕೆ ಇರ್ಪುವಿಗೆ ಹೋಗಿ. ರಾಮೇಶ್ವರ ದೇವಸ್ಥಾನದಿಂದ ಕಾಡಿನ ನಡುವಿನ ಮೆಟ್ಟಿಲು ದಾರಿ ಲಕ್ಷ್ಮಣತೀರ್ಥದ ಜಲಪಾತಕ್ಕೆ ಕರೆದೊಯ್ಯುತ್ತದೆ. ಕುಶಾಲನಗರದ ಹತ್ತಿರ ಕಾವೇರಿ ನಿಸರ್ಗಧಾಮದಲ್ಲಿ ಬಿದಿರು ಮೆಳೆಯ ಕೆಳಗೆ ಸಮತಟ್ಟು ನಡಿಗೆ. ನಿಜವಾದ ಕಾಡು ಅಲ್ಲ, ರಜೆ ದಿನ ಗಲಾಟೆಯೂ ಉಂಟು, ಆದರೆ ಮಂಡಿನೋವಿನ ಅಮ್ಮನಿಗೆ ಅದೇ ಸರಿ. ಜಲಪಾತದ ಬುಡದಲ್ಲಿ ಈಜಲು ಮಾತ್ರ ಯಾರೂ ಇಳಿಯಬೇಡಿ. ಎಲ್ಲಿಯೂ.

ಇನ್ನು ಋತು. ಜೂನ್‌ನಿಂದ ಸೆಪ್ಟೆಂಬರ್ ಬೆಟ್ಟದ ಹೆಸರೆತ್ತಬೇಡಿ. ಇಲ್ಲಿ ಮಳೆಯನ್ನು ಇಂಚು, ಸೆಂಟಲ್ಲಿ ಹೇಳುತ್ತಾರೆ. "ನಿನ್ನೆ ನಾಲ್ಕು ಇಂಚು ಇಪ್ಪತ್ತು ಸೆಂಟ್" ಅಂತ ಬೆಳಗಿನ ಕಾಫಿಯ ಜೊತೆ ಲೆಕ್ಕ ಒಪ್ಪಿಸುತ್ತಾರೆ. ತೋಟದವರ ಮನೆಯಲ್ಲಿ ವರ್ಷಗಟ್ಟಲೆ ಬರೆದಿಟ್ಟ ಪುಸ್ತಕವೇ ಇರುತ್ತದೆ. ಹಾವೇರಿಯಲ್ಲಿ ನಾವು ಹದ ಮಳೆ, ಜಡಿ ಮಳೆ ಅನ್ನುತ್ತಿದ್ದೆವು, ಅಳೆಯುತ್ತಿರಲಿಲ್ಲ. 2018ರ ಆಗಸ್ಟಿನಲ್ಲಿ ಬೆಟ್ಟಗಳೇ ಜಾರಿ ಊರುಗಳ ಮೇಲೆ ಬಂದದ್ದನ್ನು, 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದನ್ನು ನೋಡಿದವರು ಇವರು. ಮಳೆಗಾಲದಲ್ಲಿ ಒಬ್ಬ ಊರವನು "ಆ ಕಡೆ ಹೋಗಬೇಡಿ" ಅಂದರೆ ಯಾಕೆ ಅಂತ ವಾದಿಸಬೇಡಿ. ಆ ತಿಂಗಳುಗಳಲ್ಲಿ ಮನೆಯಲ್ಲಿರಿ, ಯಾರಾದರೂ ಕಕ್ಕಡ ಹದಿನೆಂಟಕ್ಕೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ ಶುರುವಿನಲ್ಲಿ ಬರುತ್ತದೆ) ಕರೆದರೆ ಮದ್ದುಸೊಪ್ಪಿನ ಪಾಯಸ ಕುಡಿದು ಬನ್ನಿ. ಮಾರನೆಯ ದಿನ ಮೂತ್ರ ಕೆಂಪಾಗಿ ಹೋದರೆ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ. ನಾನು ಓಡಿದ್ದೆ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವದ ಜನಸಾಗರ. ಅದು ಮುಗಿದ ಮೇಲೆ ಜನವರಿ ತನಕ ನಮ್ಮ ಕಾಲ. ಬೇಸಿಗೆ ಬಂತೆಂದರೆ ಕಾಡ್ಗಿಚ್ಚಿನ ಭಯಕ್ಕೆ ಎಷ್ಟೋ ದಾರಿ ಮುಚ್ಚುತ್ತಾರೆ. ಬೆಂಕಿಪೊಟ್ಟಣ, ಬೀಡಿ ಸಿಗರೇಟು ಜೇಬಲ್ಲೂ ಬೇಡ.

ಜಿಗಣೆಯ ವಿಷಯ. ಕೆಲವರು ಇಂಬಳ ಅಂತಲೂ ಕರೆಯುತ್ತಾರೆ. ನವೆಂಬರ್ ತನಕವೂ ನೆರಳಿನ ದಾರಿಯಲ್ಲಿ ಇರುತ್ತವೆ. ಹೊಸಬರು ಆನೆಗೆ ಹೆದರುವುದಿಲ್ಲ, ಇದಕ್ಕೆ ಕಿರುಚುತ್ತಾರೆ. ಉಲ್ಟಾ ಆಗಬೇಕಿತ್ತು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಚೀಲದ ಮೇಲೆ ಹೊಗೆಸೊಪ್ಪಿನ ನೀರೋ ಉಪ್ಪೋ ಸವರಿ. ಸಣ್ಣ ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡರೆ ಬಗ್ಗದೆ ಮುಟ್ಟಿಸಬಹುದು. ಕಚ್ಚಿದ್ದು ನೋಯುವುದಿಲ್ಲ, ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಅದರ ಜೊಲ್ಲು ಮಾಡುತ್ತದೆ. ಅದಕ್ಕೇ ಬಿದ್ದುಹೋದ ಮೇಲೂ ಒಂದಷ್ಟು ಹೊತ್ತು ಸೋರುತ್ತದೆ. ತೊಳೆದು ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಬನ್ನಿ.

ಹೆದರಬೇಕಾದ್ದು ಆನೆಗೆ. ಹಲಸು ಹಣ್ಣಾಗುವ ಕಾಲದಲ್ಲಿ ತೋಟಕ್ಕೆ ಬರುತ್ತವೆ, ಕಾಫಿ ಹಣ್ಣೂ ತಿನ್ನುತ್ತವೆ. ಲದ್ದಿಯಲ್ಲಿ ಕಾಫಿ ಬೀಜ ಕಂಡರೆ ಆಶ್ಚರ್ಯಪಡಬೇಡಿ. ಲದ್ದಿ ಹಸಿಯಾಗಿದ್ದರೆ, ಮುರಿದ ಕೊಂಬೆಯ ಎಲೆ ಇನ್ನೂ ಬಾಡಿರದಿದ್ದರೆ ವಾಪಸ್ ಹೊರಡಿ. ಇನ್ನೊಂದು ತಿರುವು ನೋಡಿಬಿಡೋಣ ಅನ್ನುವವರನ್ನು ಮುಂದಿನ ಸಲ ಕರೆತರಬೇಡಿ. ಕಿವಿಗೆ ಇಯರ್‌ಫೋನ್ ಬೇಡ, ಜೋರು ಹಾಡೂ ಬೇಡ. ಒಬ್ಬರೇ ಹೋಗಬೇಡಿ. ಊರಿನ ಒಬ್ಬರು ಜೊತೆಗಿದ್ದರೆ ಕಾಡು ಬೇರೆಯೇ ಆಗಿ ಕಾಣುತ್ತದೆ. ನಾನು ಎಷ್ಟೋ ಸಲ ಹಳ್ಳ ಅಂದುಕೊಂಡು ದಾಟಿದ್ದ ಉದ್ದನೆಯ ಕಂದಕವನ್ನು ತೋರಿಸಿ "ಇದು ಕಡಂಗ ಸರ್, ಹಳೇ ಕಾಲದ ಯುದ್ಧದ್ದು" ಅಂದವರು ಹಾಗೆ ಜೊತೆಗೆ ಬಂದ ಒಬ್ಬ ಅಣ್ಣ. ಆಮೇಲೆ ಗುಡ್ಡಗುಡ್ಡದಲ್ಲೂ ಕಡಂಗ ಕಾಣತೊಡಗಿತು. ಅಂಥವರಿಗೆ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.

ಮಾತಾಡಿಸುವ ರೀತಿಯೂ ಒಂದು ವಿಷಯವೇ. ತೋಟದ ದಾರಿಯಲ್ಲಿ ಯಾರಾದರೂ ಎದುರಾದರೆ ತಲೆ ತಗ್ಗಿಸಿ ದಾಟಿಹೋಗಬೇಡಿ. ನಿಂತು, ಯಾರ ಮನೆಗೆ ಬಂದಿದ್ದೀರಿ, ಎಲ್ಲಿಗೆ ಹೊರಟಿದ್ದೀರಿ ಹೇಳಿ. "ಅಣ್ಣ, ಈ ದಾರಿಯಲ್ಲಿ ಹೋಗಬಹುದಾ? ಆನೆ ಸುದ್ದಿ ಏನಾದ್ರೂ ಇದೆಯಾ?" ಅಷ್ಟು ಸಾಕು. ಹತ್ತರಲ್ಲಿ ಎಂಟು ಸಲ ದಾರಿ ತೋರಿಸಿ, ವಾಪಸ್ ಬರುವಾಗ ಕಾಫಿಗೂ ಕರೆಯುತ್ತಾರೆ. ಕೇಳದೆ ಹೋದವನನ್ನು ಈ ಊರು ಬೇಗ ಮರೆಯುವುದಿಲ್ಲ. ಆ ರೈಟರ್ ಈಗಲೂ ಸಂತೆಯಲ್ಲಿ ಸಿಕ್ಕಾಗ "ಏನ್ ಸಾರ್, ವಾಕಿಂಗಾ?" ಅಂತಲೇ ಕೇಳುತ್ತಾರೆ.

ಬುತ್ತಿಗೆ ಇಲ್ಲಿಯವರ ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ, ತುಂಬಾ ಒಳ್ಳೆಯದು. ಅನ್ನ ಸೇರಿಸಿ ನಾದುವುದರಿಂದ ಮಧ್ಯಾಹ್ನದ ತನಕ ಮೆತ್ತಗಿರುತ್ತದೆ. ನಾನು ಮಾತ್ರ ಇನ್ನೂ ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಯವನೇ. ತುದಿಯಲ್ಲಿ ಕೂತು ಅದಲು ಬದಲು ಮಾಡಿಕೊಳ್ಳುತ್ತೇವೆ. ಸ್ಟೀಲ್ ಬಾಟಲಿಯಲ್ಲಿ ಎರಡು ಲೀಟರ್ ನೀರು, ರೈನ್‌ಕೋಟು, ಟಾರ್ಚು, ಒಂದು ತುಂಡು ಬೆಲ್ಲ. ಕೊಡೆ ಗಾಳಿಗೆ ನಿಲ್ಲುವುದಿಲ್ಲ. ಕೊಲ್ಲಿಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಹಾಗಾಗಿ ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲೊಬ್ಬರಿಗೆ ಬರೆದುಕೊಟ್ಟು ಹೊರಡಿ. ಸಿಗ್ನಲ್ ಸಿಕ್ಕ ಕಡೆ 112 ಇದೆ.

ನಾವು ನಾಲ್ಕೈದು ಮನೆಯವರು ನವೆಂಬರಿನಿಂದ ತಿಂಗಳಿಗೊಂದು ಭಾನುವಾರ ಹೊರಡುತ್ತೇವೆ. ಗದಗದವರಿದ್ದಾರೆ, ಮಂಡ್ಯದವರಿದ್ದಾರೆ, ಈಗ ನಾಪೋಕ್ಲುವಿನ ಒಬ್ಬರೂ ಸೇರಿದ್ದಾರೆ. ಹೊಸ ಶೂ ಹಾಕಿಕೊಂಡು ಬರಬೇಡಿ, ಒಂದು ವಾರ ಮೊದಲೇ ಮಾರುಕಟ್ಟೆಗೆ ಹೋಗಿಬಂದು ಪಳಗಿಸಿ. ಒಂದು ಜೊತೆ ಕಾಲುಚೀಲ ಹೆಚ್ಚಿಗೆ ತನ್ನಿ. ಉಪ್ಪು ನಮ್ಮ ಹತ್ತಿರ ಇರುತ್ತದೆ.