ಹುಣಸೆಮರದ ಕೆಳಗೆ ಸತ್ತವನ ಹಿಂದೆ ಬಿದ್ದು

ನಮ್ಮೂರ ಗುಂಡುತೋಪಿನಲ್ಲಿ ಒಂದು ಹುಣಸೆಮರ ಇದೆ. ಮಟಮಟ ಮಧ್ಯಾಹ್ನ ಮಕ್ಕಳು ಅದರ ಕೆಳಗೆ ಹೋಗುವುದಿಲ್ಲ. ಅಲ್ಲೊಬ್ಬ ಪರದೇಶಿ ಸತ್ತಿದ್ದನಂತೆ. ಹೇಗೆ ಸತ್ತ ಅಂದರೆ ಮನೆಗೊಂದು ಕಥೆ. ಹಾವು ಕಚ್ಚಿತು ಅಂತ ಒಬ್ಬರು, ಹಸಿವು ಅಂತ ಇನ್ನೊಬ್ಬರು, ಕಳ್ಳ ಅಂದುಕೊಂಡು ಹೊಡೆದರು ಅಂತ ಮತ್ತೊಬ್ಬರು. ಬಿಡುವಾದಾಗೆಲ್ಲ ಎರಡು ವರ್ಷ ಇದರ ಹಿಂದೆ ಬಿದ್ದೆ.

ಮೊದಲು ಮಾಡಿದ ತಪ್ಪು ಅಂದ್ರೆ, ಎಲ್ಲರನ್ನೂ 'ಹೇಗೆ ಸತ್ತ' ಅಂತಲೇ ಕೇಳಿದ್ದು. ಹಾಗೆ ಕೇಳಿದರೆ ಕಥೆಯೇ ತಾನೇ ಬರೋದು? ಆಮೇಲೆ ಗುಂಡಿ ತೋಡಿದ್ದು ಯಾರು, ಹೊದಿಸೋಕೆ ಬಟ್ಟೆ ಕೊಟ್ಟಿದ್ದು ಯಾರು ಅಂತ ಕೇಳತೊಡಗಿದೆ. ಹಾಗೆ ಸಿಕ್ಕವರು ಎಂಬತ್ತರ ಹತ್ತಿರದ ಒಬ್ಬ ತಾತ. ಅಪ್ಪನ ಜೊತೆ ಹಾರೆ ಹೊತ್ತುಕೊಂಡು ಹೋಗಿದ್ದ ಹುಡುಗ ಅವರೇ. ಸತ್ತವನ ಜೋಳಿಗೆಯಲ್ಲಿ ಅಂಚು ನೆಗ್ಗಿದ ಒಂದು ಸಿಲ್ವರ್ ತಟ್ಟೆ, ಅರ್ಧ ಕಟ್ಟು ಬೀಡಿ, ಎರಡು ನಯಾ ಪೈಸೆ ಇತ್ತಂತೆ.

ನಯಾ ಪೈಸೆ! ಅದು ಬಂದಿದ್ದೇ 1957ರಲ್ಲಿ. ಅಲ್ಲಿಗೆ ಇದು 'ಬ್ರಿಟಿಷರ ಕಾಲ'ದ್ದು ಅಂತಿದ್ದ ನಮ್ಮಜ್ಜಿಯ ಮಾತು ಬಿದ್ದುಹೋಯಿತು. ಬರೆದುಕೊಂಡಿದ್ದು ಶಾನುಭೋಗರು ಅಂತಲೂ ತಾತ ಹೇಳಿದರು. ತಲೆತಲಾಂತರದ ಶಾನುಭೋಗಿಕೆ, ಪಟೇಲಿಕೆ ರದ್ದಾಗಿದ್ದು 1963ರ ಫೆಬ್ರವರಿ 1ಕ್ಕೆ. ಆದರೆ ಜನ ಆಮೇಲೂ ಅವರನ್ನು ಶಾನುಭೋಗರೇ ಅಂತಿದ್ದರಲ್ವಾ, ಅದಕ್ಕೇ ಇನ್ನೆರಡು ವರ್ಷ ಮುಂದಕ್ಕೂ ಹುಡುಕಿದೆ.

ನಮ್ಮದು ಚಿಂತಾಮಣಿ ತಾಲೂಕು. ಈಗ ಚಿಕ್ಕಬಳ್ಳಾಪುರ ಜಿಲ್ಲೆ, 2007ರವರೆಗೆ ಕೋಲಾರ. ಹಾಗಾಗಿ ಎರಡೂ ಕಡೆ ಚಪ್ಪಲಿ ಸವೆಸಿದೆ. ಇಂಥ ಸಾವಿಗೆ ಆಗಲೂ ಈಗಲೂ ಪೊಲೀಸರು ಪಂಚರ ಮುಂದೆ ಹೆಣ ನೋಡಿ ಮಹಜರು ಬರೆಯಬೇಕು. ಅದಾದರೂ ಸಿಗಲಿ ಅಂತ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದೆ. 'ಅವಧಿ ಮುಗಿದ ಕಡತ, ನಾಶಪಡಿಸಲಾಗಿದೆ' ಅಂತ ಒಂದೇ ಸಾಲು ಬಂತು.

ಸಿಕ್ಕಿದ್ದು ಮರಣ ರಿಜಿಸ್ಟರ್. ಅದೂ ನಾಲ್ಕನೇ ಸಲ ಹೋದಾಗ, ಹಗ್ಗ ಕಟ್ಟಿದ ಗಂಟಿನ ತಳದಲ್ಲಿ. ತಾರೀಕು ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಹೆಸರಿನ ಜಾಗದಲ್ಲಿ 'ಪರಸ್ಥಳದ ಗಂಡಸು', ವಯಸ್ಸು 'ಸುಮಾರು 50', ಕಾರಣ 'ಜ್ವರ'. ಸುಮ್ನೆ ಮೇಲೆ ಕೆಳಗೆ ಕಣ್ಣಾಡಿಸಿದೆ. ಆ ಪುಟದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಜ್ವರದಿಂದಲೇ ಸತ್ತಿದ್ದರು. ಹಳೇ ರಿಜಿಸ್ಟರ್ ನೋಡಿದವರಿಗೆ ಇದು ಗೊತ್ತಿರುತ್ತೆ. ಡಾಕ್ಟರ್ ನೋಡದ ಸಾವಿಗೆಲ್ಲ ಜ್ವರ ಅಂತ ಬರೆದು ಕೈತೊಳೆದುಕೊಳ್ಳೋದು.

ತಾತನಿಗೆ ಹೇಳಿದೆ. ನಕ್ಕರು. "ಬರೆದೋರು ನೋಡಿರ್ಲಿಲ್ಲ, ಎತ್ತಿದೋರು ನಾವು."

ಹಾಗಾದರೆ ಮೈಮೇಲೆ ಗಾಯ ಇತ್ತಾ ಅಂದೆ.

"ನಾವು ಹೋಗೋ ಹೊತ್ಗೆ ಬಟ್ಟೆ ಸುತ್ತಿಬಿಟ್ಟಿದ್ರು."

ಸುತ್ತಿದ್ದು ಯಾರು ಅಂತ ಕೇಳಿದೆ. ತಾತ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು, ಉತ್ತರ ಹೇಳಲಿಲ್ಲ. ಹೋಗಲಿ, ಆ ತಟ್ಟೇನೂ ಜೊತೆಗೇ ಹೂಳಿದಿರಾ ಅಂದೆ.

"ಅಯ್ಯೋ, ಚೆನ್ನಾಗಿತ್ತಲ್ಲ. ನಮ್ಮಮ್ಮ ಕೋಳಿಗೆ ನೀರಿಡೋಕೆ ಇಟ್ಕೊಂಡ್ಳು."