ಗೀಳಿನ ಯೋಚನೆ ಬಂದಾಗ ಧ್ಯಾನಕ್ಕೆ ಕೂರೋದು ಹೇಗೆ?

ಗ್ಯಾಸ್ ಆಫ್ ಮಾಡಿದೀನಾ ಅಂತ ನಾಲ್ಕು ಸಲ ನೋಡಿ ಬಂದ್ಮೇಲೂ ಐದನೇ ಸಲ ಅಡುಗೆಮನೆಗೆ ಎದ್ದು ಹೋಗ್ಬೇಕು ಅನ್ಸುತ್ತಲ್ಲ, ಹಾಗೆ ಅನ್ಸಿದ್ರೂ ಏಳದೇ ಕೂತಿರೋದನ್ನ ಅಭ್ಯಾಸ ಮಾಡ್ಸೋದೇ ಓಸಿಡಿ ಅನ್ನೋ ಗೀಳು ಕಾಯಿಲೆಯಲ್ಲಿ ಧ್ಯಾನದ ಕೆಲಸ. ಯೋಚನೆ ನಿಲ್ಸೋಕೆ ಅಂತ ಕೂತ್ರೆ ಅದು ಇನ್ನೂ ಜಾಸ್ತಿ ಆಗುತ್ತೆ, ಆಮೇಲೆ ನಂಗೆ ಧ್ಯಾನನೂ ಬರಲ್ಲ ಅಂತ ಬೇಜಾರು ಬೇರೆ.

ಮನಸ್ಸು ಸ್ವಲ್ಪ ಹಗುರ ಇರೋ ದಿನ ಶುರು ಮಾಡಿ, 5 ನಿಮಿಷ ಸಾಕು, ಕುರ್ಚಿ ಮೇಲೆ ಕೂತ್ರೂ ಆಯ್ತು. ಉಸಿರು ಹೋಗಿ ಬರೋದನ್ನ ಗಮನಿಸ್ತಾ ಇರಿ. "ಕೈ ಕೊಳೆ ಆಗಿದೆ" ಅಂತ ಮನಸ್ಸು ಹೇಳಿದಾಗ "ಕೈ ಕೊಳೆ ಅನ್ನೋ ಯೋಚನೆ ಬಂತು" ಅಂತ ಒಳಗೇ ಹೇಳ್ಕೊಳ್ಳಿ, ಅಷ್ಟೇ, ಇಲ್ಲ ಕ್ಲೀನಾಗೇ ಇದೆ ಅಂತ ವಾದಕ್ಕೆ ಇಳೀಬೇಡಿ, ಸಮಾಧಾನನೂ ಹೇಳ್ಕೋಬೇಡಿ. ಆತಂಕ ಎಲ್ಲಿದೆ ನೋಡಿ, ಎದೇಲಾ, ಹೊಟ್ಟೇಲಾ? ಇರ್ಲಿ ಬಿಡಿ. ಅವತ್ತೇ ಇಳೀಬೇಕು ಅಂತೇನೂ ಇಲ್ಲ.

ಒಂದೆರಡು ವಾರ ಆದ್ಮೇಲೆ ಇದನ್ನೇ ನಲ್ಲಿ ಹತ್ರ, ಬಾಗಿಲ ಬೀಗದ ಹತ್ರ ಮಾಡಿ. ಮತ್ತೆ ತೊಳೀಬೇಕು ಅನ್ಸಿದಾಗ 2 ನಿಮಿಷ ತಡೀರಿ, ಆಮೇಲೆ 5, ಆಮೇಲೆ 10, ಸುಲಭದ್ದು ಮೊದ್ಲು. ಥೆರಪಿಸ್ಟ್‌ಗಳು ಮಾಡ್ಸೋ ಇಆರ್‌ಪಿ ಚಿಕಿತ್ಸೆಯಲ್ಲೂ ಇರೋದು ಇದೇ, ಭಯ ಹುಟ್ಸೋದನ್ನ ಎದುರಿಸೋದು, ತೊಳೆಯೋದನ್ನ ತಡೆಯೋದು. 1966ರಲ್ಲಿ ವಿಕ್ಟರ್ ಮೇಯರ್ ಅನ್ನೋ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳಿಗೆ ಹೀಗೆ ಮಾಡಿ ಗುಣ ಕಂಡಿದ್ದನ್ನ ಬರೆದಾಗಿಂದ ಈ ದಾರಿ ಬೆಳೀತಾ ಬಂತು. ಧ್ಯಾನ ಅದರ ಜೊತೆಗಿರ್ಲಿ, ಅದರ ಬದಲಿಗೆ ಬೇಡ. ಮಾತ್ರೆನೂ ಅಷ್ಟೇ, ಓಸಿಡಿಗೆ ಕೊಡೋ ಎಸ್‌ಎಸ್‌ಆರ್‌ಐ ಮಾತ್ರೆ ಸರಿಯಾಗಿ ಕೆಲಸ ಮಾಡೋಕೆ 8ರಿಂದ 12 ವಾರ ಹಿಡಿಯುತ್ತೆ, ಧ್ಯಾನ ಶುರು ಮಾಡಿದೀನಿ ಅಂತ ಡಾಕ್ಟರನ್ನ ಕೇಳದೇ ನಿಲ್ಲಿಸ್ಬೇಡಿ ದಯವಿಟ್ಟು.

ನಮ್ಮಲ್ಲಿ ಜಾಸ್ತಿ ಎಡವೋದು ಜಪದಲ್ಲಿ. 108 ಎಣಿಸ್ತಾ 63ಕ್ಕೆ ಬಂದಾಗ "ಒಂದು ಬಿಟ್ಟೋಯ್ತಾ?" ಅಂತ ಅನುಮಾನ, ಮತ್ತೆ ಒಂದರಿಂದ ಶುರು. ದೇವರ ಮುಂದೆ ಕೆಟ್ಟ ಯೋಚನೆ ಬಂತು ಅಂತ ಅದನ್ನ ಅಳಿಸೋಕೆ ಇನ್ನೊಂದು ಸುತ್ತು. ಇದೂ ಕೈ ತೊಳೆದ ಹಾಗೇನೇ, ನೀರಿಲ್ಲ ಅಷ್ಟೇ. ಅಂಥ ಯೋಚನೆ ಬರೋದು ಕಾಯಿಲೆಯಿಂದ, ನಿಮ್ಮ ಭಕ್ತಿಗೇನೂ ಕಮ್ಮಿ ಆಗಿಲ್ಲ. ಒಂದಿನ ಧ್ಯಾನ ತಪ್ಪಿದ್ರೆ ಮನೆಯವರಿಗೆ ಏನೋ ಆಗ್ಬಿಡುತ್ತೆ ಅಂತ ಭಯ ಆಗ್ತಿದ್ರೆ ಅದೂ ಗೀಳಿಗೆ ಸೇರ್ಕೊಂಡಿದೆ ಅಂತ ಅರ್ಥ, ಬೇಕಂತಲೇ ಒಂದಿನ ಬಿಡಿ, ಹೊತ್ತು ಬದಲಾಯಿಸಿ, ಡಾಕ್ಟರಿಗೂ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಬೇರೆ ಕ್ಲಿನಿಕ್ ಇದೆ, ದೂರ ಇರೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡ್ಬಹುದು, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಮನೆಯವರಿಗೂ ಒಂದು ಮಾತು. "ಬೀಗ ಹಾಕಿದೀನಾ?" ಅಂತ ಹತ್ತನೇ ಸಲ ಕೇಳಿದಾಗ ಹೂಂ ಅನ್ನೋದೂ ಬೇಡ, ಬಯ್ಯೋದೂ ಬೇಡ. "ಅನುಮಾನ ಬಂತಾ? ಬಾ, ಎರಡು ನಿಮಿಷ ಇಲ್ಲೇ ಕೂರೋಣ" ಅಂತ ಪಕ್ಕದಲ್ಲಿ ಜಾಗ ಮಾಡಿಕೊಡಿ.