ಕಾಫಿ ಯಂತ್ರದ ಹಬೆಯಲ್ಲಿ ಮೊಟ್ಟೆ ಬೇಯಿಸುವ ಬಗೆ

ಎಸ್ಪ್ರೆಸೊ ಯಂತ್ರದಲ್ಲಿ ಹಾಲು ಕಾಯಿಸಿ ನೊರೆ ಬರಿಸಲೆಂದು ಇರುವ ಸ್ಟೀಮ್ ವಾಂಡ್ ಎಂಬ ಹಬೆ ನಳಿಗೆಯಿಂದ ಎರಡು ಮೊಟ್ಟೆಗಳನ್ನು ಒಂದು ನಿಮಿಷದೊಳಗೆ ಬೇಯಿಸಬಹುದು. ನ್ಯೂಯಾರ್ಕಿನ ಬುವೆಟ್‌ನಂಥ ಉಪಾಹಾರ ಗೃಹಗಳಲ್ಲಿ ಬೆಳಗಿನ ತಿಂಡಿಗೆ ಮೊಟ್ಟೆಯನ್ನು ಹೀಗೆ ಮಾಡಿಕೊಡುತ್ತಾರೆ. ಬಾಣಲೆಯ ಬುರ್ಜಿಯಂತೆ ಇದು ಉದುರುದುರಾಗುವುದಿಲ್ಲ, ಕೆಂಪಗೂ ಆಗುವುದಿಲ್ಲ. ಹದ ನೋಡಿ ನಿಲ್ಲಿಸಿದರೆ ಆಗತಾನೆ ಇಳಿಸಿದ ಗಿಣ್ಣಿನಂತೆ ಮೆತ್ತಗಿದ್ದು, ಚಮಚದಲ್ಲಿ ಎತ್ತಿದಾಗ ಸಣ್ಣಗೆ ಅಲುಗುತ್ತದೆ.

ಹಬೆಗೆ ಈ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸುಲಭ. ಒಂದು ಗ್ರಾಂ ಹಬೆ ತಣಿದು ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಅದೇ ಒಂದು ಗ್ರಾಂ ಕುದಿನೀರು 70 ಡಿಗ್ರಿಗೆ ಇಳಿಯುವಾಗ ಕೊಡುವುದು ಬರೀ 30. ಸಿಪ್ಪೆ ತೆಗೆದ ಎರಡು ಮೊಟ್ಟೆಗಳು ಸುಮಾರು 100 ಗ್ರಾಂ ತೂಗುತ್ತವೆ, ಅವು ಬೇಯುವಷ್ಟರಲ್ಲಿ ಏಳೆಂಟು ಗ್ರಾಂ ಹಬೆ ನೀರಾಗಿ ಮೊಟ್ಟೆಯಲ್ಲೇ ಉಳಿದುಕೊಳ್ಳುತ್ತದೆ. ಅಂದರೆ ಒಂದೂವರೆ ಟೀ ಚಮಚ ನೀರು ತಾನಾಗಿಯೇ ಸೇರಿದಂತಾಯಿತು. ಆದ್ದರಿಂದ ಮೊಟ್ಟೆಗೆ ಹಾಲನ್ನಾಗಲಿ ನೀರನ್ನಾಗಲಿ ಬೆರೆಸಬೇಡಿ. ಬೆರೆಸಿದರೆ ತಟ್ಟೆಯಲ್ಲಿ ನೀರು ಒಡೆದು ನಿಲ್ಲುತ್ತದೆ.

ಎಲ್ಲ ಯಂತ್ರಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಹಾಲನ್ನು ಸಣ್ಣ ಟ್ಯೂಬಿನ ಮೂಲಕ ತಾನೇ ಎಳೆದುಕೊಳ್ಳುವ ಸ್ವಯಂಚಾಲಿತ ಯಂತ್ರದಲ್ಲಿ ಮೊಟ್ಟೆಯನ್ನು ಎಂದಿಗೂ ಬಳಸಬಾರದು, ಏಕೆಂದರೆ ಒಳಗೆ ಹೋದ ಮೊಟ್ಟೆಯನ್ನು ಪೂರ್ತಿಯಾಗಿ ತೊಳೆಯುವ ದಾರಿಯೇ ಇಲ್ಲ. ಮನೆಬಳಕೆಯ ಕೆಲವು ಯಂತ್ರಗಳ ವಾಂಡ್‌ಗೆ ಗಾಳಿ ಎಳೆಯುವ ಒಂದು ಹೊರಕವಚ ಇರುತ್ತದೆ. ಅದನ್ನು ಬಿಚ್ಚಲು ಬಂದರೆ ಬಿಚ್ಚಿ, ಬರಿಯ ನಳಿಗೆಯಿಂದಲೇ ಬೇಯಿಸಿ. ತಯಾರಕರ ಕೈಪಿಡಿಯಲ್ಲಿ ಹಾಲು, ನೀರಿನ ಹೊರತು ಬೇರೇನನ್ನೂ ಬಿಸಿ ಮಾಡಬಾರದೆಂದು ಬರೆದಿದ್ದರೆ ಅದನ್ನು ಮೀರದಿರುವುದು ಒಳ್ಳೆಯದು.

ಫ್ರಿಜ್ಜಿನಿಂದ ತೆಗೆದ ಎರಡು ಮೊಟ್ಟೆಗಳನ್ನು ಅರ್ಧ ಗಂಟೆ ಹೊರಗಿಟ್ಟು, ಸುಮಾರು 350 ಮಿಲಿಲೀಟರ್ ಹಿಡಿಯುವ ಸ್ಟೀಲ್ ಜಗ್ಗಿಗೆ ಒಡೆದು ಹಾಕಿ. ಒಂದು ಚಿಟಿಕೆ ಉಪ್ಪು, ಕಡಲೆಕಾಳಿನ ಗಾತ್ರದ ನಾಲ್ಕೈದು ಬೆಣ್ಣೆಯ ತುಣುಕು ಹಾಕಿ, ಲೋಳೆಯ ಎಳೆಗಳು ಕಾಣದಂತೆ ಫೋರ್ಕಿನಿಂದ ಚೆನ್ನಾಗಿ ಕಲಕಿ. ಈ ಕಲಕುವಿಕೆಯಲ್ಲಿ ಉದಾಸೀನ ಬೇಡ. ಬಿಳಿಯ ಎಳೆ ಉಳಿದರೆ ಅದು ಮೊದಲು ಬೆಂದು ವಾಂಡ್‌ನ ತುದಿಗೆ ಸುತ್ತಿಕೊಳ್ಳುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಜಗ್ಗಿಗೆ ಬೀಳಬಾರದು, ಅವು ಹಬೆಯ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಯಂತ್ರ ಪೂರ್ತಿ ಕಾದ ಮೇಲೆ ವಾಂಡ್ ಅನ್ನು ಒಂದು ಬಟ್ಟೆಯ ಕಡೆಗೆ ತಿರುಗಿಸಿ ಎರಡು ಮೂರು ಸೆಕೆಂಡು ಹಬೆ ಬಿಡಿ. ನಳಿಗೆಯಲ್ಲಿ ನಿಂತ ನೀರು ಹೊರಹೋಗಿ ಒಣ ಹಬೆ ಬರಬೇಕು. ನಂತರ ತುದಿಯನ್ನು ಮೊಟ್ಟೆಯೊಳಗೆ ಸುಮಾರು ಒಂದು ಸೆಂಟಿಮೀಟರ್ ಮುಳುಗಿಸಿ, ಜಗ್ಗನ್ನು ಸ್ವಲ್ಪ ವಾರೆ ಹಿಡಿದು, ಹಬೆಯನ್ನು ಪೂರ್ತಿ ತೆರೆಯಿರಿ. ಹಾಲಿಗಾದರೆ ತುದಿಯನ್ನು ಮೇಲಕ್ಕೆ ತಂದು ಗಾಳಿ ಎಳೆಸುತ್ತೇವೆ. ಮೊಟ್ಟೆಗೆ ಅದು ಬೇಡ, ಗಾಳಿ ಸೇರಿದರೆ ಉಕ್ಕಿ ಬಂದು ಸ್ಪಂಜಿನಂತಾಗುತ್ತದೆ. ಮೊದಲು ಮೊಟ್ಟೆ ತೆಳ್ಳಗೆ ಸುಳಿ ತಿರುಗುತ್ತಿರುತ್ತದೆ, ಸದ್ದೂ ಚುರುಕಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಆ ಸದ್ದು ದಪ್ಪಗಾಗಿ ತಗ್ಗುತ್ತದೆ, ಸುಳಿ ನಿಧಾನವಾಗುತ್ತದೆ, ಜಗ್ಗಿನ ಒಳಗೋಡೆಗೆ ತಿಳಿಹಳದಿಯ ಪದರ ಕಟ್ಟತೊಡಗುತ್ತದೆ. ಈಗ ಜಗ್ಗನ್ನು ಮೇಲೆ ಕೆಳಗೆ ಆಡಿಸುತ್ತ, ಸುತ್ತಲೂ ತಿರುಗಿಸುತ್ತ ಹಬೆ ಎಲ್ಲ ಕಡೆಗೂ ಮುಟ್ಟುವಂತೆ ನೋಡಿಕೊಳ್ಳಿ.

ನಿಲ್ಲಿಸುವ ಗಳಿಗೆಯೇ ಈ ಅಡುಗೆಯ ಜೀವ. ಮೊಟ್ಟೆಯ ಬಿಳಿಭಾಗ 62 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟತೊಡಗುತ್ತದೆ, ಹಳದಿ ಭಾಗ 70ರ ಹತ್ತಿರ ಗಟ್ಟಿಯಾಗುತ್ತದೆ, 80 ದಾಟಿದರೆ ಎಲ್ಲವೂ ಬಿಗಿದುಕೊಂಡು ನೀರು ಬಿಡುತ್ತದೆ. ಹಬೆಯ ಮುಂದೆ ಈ ಅಂತರ ಕೆಲವೇ ಸೆಕೆಂಡುಗಳದ್ದು. ಹೀಗಾಗಿ, ಇನ್ನೂ ಸ್ವಲ್ಪ ಹಸಿಯಾಗಿದೆ, ಹೊಳೆಯುತ್ತಿದೆ ಎಂದು ತೋರುವಾಗಲೇ ಹಬೆಯನ್ನು ಮುಚ್ಚಿ. ಉಳಿದದ್ದನ್ನು ಜಗ್ಗಿನ ಬಿಸಿಯೇ ಬೇಯಿಸುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ 70ರ ಹತ್ತಿರ ನಿಲ್ಲಿಸಿ, ಕೊನೆಗೆ 71 ದಾಟಿದೆಯೇ ಎಂದು ನೋಡಿ. ರೋಗಾಣುಗಳ ದೃಷ್ಟಿಯಿಂದ ಸುರಕ್ಷಿತವೆನ್ನುವ ಮಟ್ಟ ಅದು. ಗರ್ಭಿಣಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಕೊಡುವುದಾದರೆ ಮೆತ್ತಗಿರುವ ಆಸೆ ಬಿಟ್ಟು, ಎಲ್ಲಿಯೂ ಹಸಿ ಉಳಿಯದಂತೆ ಬೇಯಿಸಿ.

ಹಬೆ ಮುಚ್ಚುವ ಮೊದಲು ಜಗ್ಗನ್ನು ಕೆಳಗೆ ಎಳೆದರೆ ಬಿಸಿ ಮೊಟ್ಟೆ ಕೈಗೂ ಮುಖಕ್ಕೂ ಸಿಡಿಯುತ್ತದೆ. ಮುಚ್ಚಿ, ಆ ಕೂಡಲೇ ಜಗ್ಗನ್ನು ತೆಗೆದಿಟ್ಟು, ಒದ್ದೆ ಬಟ್ಟೆಯನ್ನು ತುದಿಗೆ ಸುತ್ತಿ ಹಿಡಿದು ಮತ್ತೆ ಮೂರು ಸೆಕೆಂಡು ಹಬೆ ಬಿಡಿ. ನಳಿಗೆಯಲ್ಲಿ ಉಳಿದ ಹಬೆ ತಣಿದು ನೀರಾದಾಗ ಅಲ್ಲಿ ಜಾಗ ಖಾಲಿಯಾಗಿ, ತುದಿಯಲ್ಲಿರುವ ಮೊಟ್ಟೆಯನ್ನು ಒಳಕ್ಕೆ ಹೀರುತ್ತದೆ. ಮೊದಮೊದಲು ನಾನು ಬಡಿಸುವ ಅವಸರದಲ್ಲಿ ಇದನ್ನು ಐದು ನಿಮಿಷ ಮುಂದೂಡಿದ್ದೆ. ಮರುದಿನ ಬೆಳಗ್ಗೆ ನಾಲ್ಕು ರಂಧ್ರಗಳಲ್ಲಿ ಎರಡರಿಂದ ಮಾತ್ರ ಹಬೆ ಬಂತು. ತುದಿಯನ್ನು ಬಿಚ್ಚಿ ನೋಡಿದರೆ ಒಳಗೆ ಮೊಟ್ಟೆ ಗಾರೆಯಂತೆ ಒಣಗಿ ಕೂತಿತ್ತು, ಅದನ್ನು ಸೂಜಿಯಿಂದ ಕೆರೆದು ತೆಗೆಯಬೇಕಾಯಿತು. ಈಗ ಪ್ರತಿ ಸಲವೂ ಒಂದು ಲೋಟ ನೀರಿಗೆ ಹಬೆ ಹಾಯಿಸಿ, ಯಂತ್ರ ಆರಿದ ಮೇಲೆ ತುದಿ ಬಿಚ್ಚಿ ತೊಳೆಯುತ್ತೇನೆ. ಜಗ್ಗಿಗೆ ಮೊದಲು ತಣ್ಣೀರು ಹಾಕಿ ನೆನೆಯಲು ಬಿಡಿ. ಬಿಸಿನೀರು ಹಾಕಿದರೆ ಅಂಟಿದ ಮೊಟ್ಟೆ ಇನ್ನೂ ಬೆಂದು ಕಚ್ಚಿಕೊಳ್ಳುತ್ತದೆ.

ಬಡಿಸುವಾಗ ಸುಟ್ಟ ಬ್ರೆಡ್ಡಿನ ಮೇಲೆ ಸುರಿದು ಕರಿಮೆಣಸಿನ ಪುಡಿ ಉದುರಿಸಿದರೆ ಸಾಕು. ತುಪ್ಪದಲ್ಲಿ ಹಸಿಮೆಣಸಿನಕಾಯಿ, ಸಣ್ಣ ಈರುಳ್ಳಿ ಬಾಡಿಸಿ ಒಗ್ಗರಣೆಯಂತೆ ಮೇಲೆ ಹಾಕುವುದು ನನಗೆ ಹೆಚ್ಚು ಇಷ್ಟ.

ನಮ್ಮ ಮನೆಗಳಲ್ಲಿ ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ. ಅದೇ ವಾಂಡ್‌ನಲ್ಲಿ ಕಾಯಿಸಿದ ಹಾಲನ್ನು ಮೊಟ್ಟೆ ತಿನ್ನದವರೂ, ಮೊಟ್ಟೆ ಒಗ್ಗದವರೂ ಕುಡಿಯಬಹುದು. ಎಷ್ಟೇ ತೊಳೆದಿದ್ದರೂ ಅವರಿಗೆ ಮೊದಲೇ ತಿಳಿಸಿ, ಬೇಡವೆಂದರೆ ಹಾಲನ್ನು ಒಲೆಯ ಮೇಲೆ ಕಾಯಿಸಿ ಕೊಡಿ. ಮೊಟ್ಟೆಗೆ ಬೇರೆಯೇ ಒಂದು ಜಗ್ ಇರಲಿ. ನಮ್ಮಲ್ಲಿ ಅದರ ಹಿಡಿಗೆ ಕೆಂಪು ದಾರ ಸುತ್ತಿ, ಹಾಲಿನ ಪಾತ್ರೆಗಳಿಂದ ದೂರ, ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇವೆ.